ಹೋದವರು ಮನೆಗೆ ಮರಳಿ ಬರಬೇಕು

ಮನೆಯಿಂದ ಹೊರಡುವಾಗ ನಾವು ಏನು ಹೇಳುತ್ತೇವೆ? "ಹೋಗಿ ಬರ್ತೀನಿ" ಅಂತ ಹೇಳುತ್ತೇವೆ. ಬರೀ "ಹೋಗ್ತೀನಿ" ಅಂದರೆ ಅವ್ವ ಬೈಯುತ್ತಾಳೆ. ಹೋದವರು ಮರಳಿ ಬರಬೇಕು. ಇದು ಎಲ್ಲ ಮನೆಯವರ ಆಸೆ.

ಆದರೆ ನಮ್ಮ ದೇಶದಲ್ಲಿ ದಿನಾಲೂ ನೂರಾರು ಜನ ಮರಳಿ ಬರುವುದಿಲ್ಲ. ಅವರಿಗೆ ರೋಗ ಇರಲಿಲ್ಲ. ವಯಸ್ಸೂ ಆಗಿರಲಿಲ್ಲ. ರಸ್ತೆಯೇ ಅವರ ಜೀವ ತೆಗೆದುಕೊಂಡಿತು.

2024ರ ಡಿಸೆಂಬರ್ 21ರ ದಿನ ನೆನಪಿದೆಯೇ? ಆ ದಿನ ಬೆಂಗಳೂರು ಹತ್ತಿರ ನೆಲಮಂಗಲದ ಹೆದ್ದಾರಿಯಲ್ಲಿ ಒಂದು ದೊಡ್ಡ ಕಂಟೇನರ್ ಲಾರಿ ಕಾರಿನ ಮೇಲೆ ಉರುಳಿತು. ಕಾರಿನಲ್ಲಿ ಒಂದೇ ಕುಟುಂಬದ 6 ಜನ ಇದ್ದರು. ಅವರಲ್ಲಿ ಮಕ್ಕಳೂ ಇದ್ದರು. ಆರೂ ಜನ ತೀರಿಕೊಂಡರು. ಅವರು ನಮ್ಮ ಸಾಂಗ್ಲಿ ಜಿಲ್ಲೆಯ ಜತ್ ತಾಲೂಕಿನವರು. ಕೆಲಸಕ್ಕಾಗಿ ಬೆಂಗಳೂರಿನಲ್ಲಿ ಇದ್ದರು. ಕಾರು ಸುರಕ್ಷತೆಗೆ ಹೆಸರಾದದ್ದೇ. ಆದರೂ ಉಳಿಯಲಿಲ್ಲ.

"ಅದು ಅವರ ಹಣೆಬರಹ" ಅಂತ ಕೆಲವರು ಅನ್ನುತ್ತಾರೆ. ಹಣೆಬರಹ ಅಂದುಬಿಟ್ಟರೆ ಮಾತು ಅಲ್ಲಿಗೇ ಮುಗೀತು. ಲೆಕ್ಕ ನೋಡಿದರೆ ಬೇರೆ ಮಾತು ತಿಳಿಯುತ್ತದೆ. ಬನ್ನಿ, ಆ ಲೆಕ್ಕ ಓದೋಣ.

ದೇಶದ ಲೆಕ್ಕ

ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಪ್ರತಿ ವರ್ಷದ ಅಪಘಾತಗಳ ಲೆಕ್ಕ ಇಡುತ್ತದೆ. ರಸ್ತೆಯಲ್ಲಿ ಸತ್ತವರ ಸಂಖ್ಯೆ ಹೀಗಿದೆ. ನಿಧಾನವಾಗಿ ಓದಿ.

1970ರಲ್ಲಿ – ಸುಮಾರು 14,500 ಜನ
2000ದಲ್ಲಿ – 78,911 ಜನ
2010ರಲ್ಲಿ – 1,34,513 ಜನ
2021ರಲ್ಲಿ – 1,53,972 ಜನ
2022ರಲ್ಲಿ – 1,68,491 ಜನ
2023ರಲ್ಲಿ – 1,72,890 ಜನ

ಕೊನೆಯ ಸಂಖ್ಯೆ ಬಾಯಿಬಿಟ್ಟು ಓದಿ: ಒಂದು ಲಕ್ಷ ಎಪ್ಪತ್ತೆರಡು ಸಾವಿರದ ಎಂಟು ನೂರ ತೊಂಬತ್ತು.

ನಡುವೆ 2020ರಲ್ಲಿ ಸಾವು ಕಡಿಮೆ ಆಗಿದ್ದವು. ಆ ವರ್ಷ ಕೊರೋನಾ ಬಂದಿತ್ತು. ಲಾಕ್‌ಡೌನ್ ಇತ್ತು. ರಸ್ತೆ ಖಾಲಿ ಇದ್ದವು. ಗಾಡಿಗಳು ಮತ್ತೆ ಓಡಿದವು, ಸಾವೂ ಮತ್ತೆ ಏರಿದವು.

ಇಷ್ಟು ದೊಡ್ಡ ಸಂಖ್ಯೆ ತಲೆಗೆ ಹತ್ತುವುದು ಕಷ್ಟ. ಅದನ್ನು ಸಣ್ಣದು ಮಾಡೋಣ. 2023ರಲ್ಲಿ ಒಂದು ದಿನಕ್ಕೆ ಸುಮಾರು 474 ಜನ ಸತ್ತರು. ಒಂದು ತಾಸಿಗೆ ಸುಮಾರು 20 ಜನ. ಅಂದರೆ ಮೂರು ನಿಮಿಷಕ್ಕೆ ಒಬ್ಬರು. ಒಲೆ ಮೇಲೆ ಚಹಾ ಕುದಿಯುವಷ್ಟರಲ್ಲಿ ಒಂದು ಜೀವ ಹೋಗುತ್ತದೆ.

ಇನ್ನೊಂದು ಲೆಕ್ಕ ನೋಡಿ. 2021, 2022, 2023 – ಈ ಮೂರು ವರ್ಷ ಕೂಡಿಸಿದರೆ ಸತ್ತವರು 4,95,353. ಸಾಂಗ್ಲಿ, ಮಿರಜ್, ಕುಪವಾಡ ಮೂರೂ ಸೇರಿದ ಮಹಾನಗರಪಾಲಿಕೆಯಲ್ಲಿ 2011ರ ಜನಗಣತಿಯಂತೆ ಸುಮಾರು 5 ಲಕ್ಷ ಜನ ಇದ್ದರು. ಮೂರು ವರ್ಷದಲ್ಲಿ ಅಷ್ಟು ದೊಡ್ಡ ಊರಿನಷ್ಟು ಜನ ಇಲ್ಲವಾದರು!

ನಮ್ಮ ಮಹಾರಾಷ್ಟ್ರದಲ್ಲಿ 2022ರಲ್ಲಿ 15,224 ಜನ ಸತ್ತರು. ಪಕ್ಕದ ಕರ್ನಾಟಕದಲ್ಲಿ 11,702 ಜನ.

ಗಾಡಿ ಹೆಚ್ಚಾದವು, ಅಷ್ಟೇ ಕಾರಣವೇ?

"ಗಾಡಿ ಹೆಚ್ಚಾದವು, ಅದಕ್ಕೇ ಸಾವು ಹೆಚ್ಚಾದವು" ಅಂತ ನೀವು ಹೇಳಬಹುದು. ಅದು ಖರೆ. 2001ರಲ್ಲಿ ದೇಶದಲ್ಲಿ ನೋಂದಣಿಯಾದ ಗಾಡಿ ಸುಮಾರು 5.5 ಕೋಟಿ. 2020ಕ್ಕೆ ಅವು ಸುಮಾರು 32 ಕೋಟಿ ದಾಟಿದವು.

ಆದರೆ ಇನ್ನೊಂದು ವಿಷಯ ಇದೆ. 2000ದಲ್ಲಿ 100 ಅಪಘಾತ ಆದರೆ ಸುಮಾರು 20 ಜನ ಸಾಯುತ್ತಿದ್ದರು. 2023ರಲ್ಲಿ 100 ಅಪಘಾತಕ್ಕೆ 36 ಜನ ಸತ್ತರು. ಅಂದರೆ ಅಪಘಾತಗಳು ಈಗ ಹೆಚ್ಚು ಕ್ರೂರವಾಗಿವೆ.

ಸಣ್ಣಪುಟ್ಟ ಅಪಘಾತ ಎಷ್ಟೋ ಸಲ ಪೊಲೀಸ್ ಠಾಣೆಗೆ ಹೋಗುವುದಿಲ್ಲ. ಅವು ಲೆಕ್ಕಕ್ಕೆ ಸಿಗುವುದಿಲ್ಲ. ಅದೂ ಒಂದು ಕಾರಣ. ಆದರೆ ದೊಡ್ಡ ಕಾರಣ ವೇಗ. 2022ರಲ್ಲಿ ಸತ್ತ ಪ್ರತಿ 100 ಜನರಲ್ಲಿ 71 ಜನರ ಸಾವಿಗೆ ಅತಿ ವೇಗವೇ ಕಾರಣ ಎಂದು ಸರ್ಕಾರದ ವರದಿ ಹೇಳುತ್ತದೆ.

ವೇಗ ಯಾಕೆ ಕೊಲ್ಲುತ್ತದೆ?

ಎಮ್ಮೆ ಅಡ್ಡ ಬಂತು ಅಂದುಕೊಳ್ಳಿ. ಕಣ್ಣು ನೋಡಬೇಕು. ಮನಸ್ಸಿಗೆ ತಿಳಿಯಬೇಕು. ಆಮೇಲೆ ಬ್ರೇಕ್ ಒತ್ತಬೇಕು. ಇದಕ್ಕೆ ಹೆಚ್ಚುಕಡಿಮೆ ಒಂದು ಸೆಕೆಂಡ್ ಬೇಕು. ಆ ಒಂದು ಸೆಕೆಂಡಿನಲ್ಲಿ ಗಾಡಿ ಎಷ್ಟು ಮುಂದೆ ಹೋಗುತ್ತದೆ?

ವೇಗ 40 ಇದ್ದರೆ – 6 ಮಾರು
ವೇಗ 60 ಇದ್ದರೆ – 9 ಮಾರು
ವೇಗ 80 ಇದ್ದರೆ – 12 ಮಾರು

ಇದು ಬ್ರೇಕ್ ಒತ್ತುವ ಮೊದಲೇ ಹೋಗುವ ದೂರ. ಬ್ರೇಕ್ ಒತ್ತಿದ ಮೇಲೂ ಗಾಡಿ ಜಾರುತ್ತದೆ. ವೇಗ ಎರಡು ಪಟ್ಟು ಆದರೆ ಆ ಜಾರುವ ದೂರ ನಾಲ್ಕು ಪಟ್ಟು ಆಗುತ್ತದೆ. ಪೆಟ್ಟಿನ ಬಲವೂ ನಾಲ್ಕು ಪಟ್ಟು. ಗಾಡಿ ಹೊಸದಿರಲಿ, ಓಡಿಸುವವ ಜಾಣನಿರಲಿ, ಈ ಲೆಕ್ಕ ಬದಲಾಗುವುದಿಲ್ಲ.

ಸಾಯುವವರು ಯಾರು?

ಕಾರಿನವರೇ ಹೆಚ್ಚು ಸಾಯುತ್ತಾರೆ ಅಂತ ತಿಳಿಯಬೇಡಿ. 2022ರಲ್ಲಿ ಸತ್ತ 100 ಜನರಲ್ಲಿ ಸುಮಾರು 44 ಜನ ಮೋಟರ್ ಸೈಕಲ್, ಸ್ಕೂಟರ್ ಮೇಲೆ ಹೋಗುತ್ತಿದ್ದವರು. ಸುಮಾರು 19 ಜನ ಕಾಲ್ನಡಿಗೆಯವರು. ಸತ್ತವರಲ್ಲಿ ಹೆಚ್ಚಿನವರು 18ರಿಂದ 45 ವರ್ಷದೊಳಗಿನವರು. ಅಂದರೆ ಮನೆಗೆ ದುಡಿದು ಹಾಕುವವರು.

ಅದೇ ವರ್ಷ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಜನ. ಅವರಲ್ಲಿ 14,337 ಜನ ಹಿಂದೆ ಕೂತವರು. ನಮ್ಮಲ್ಲಿ ಗಂಡ ಹೆಲ್ಮೆಟ್ ಹಾಕುತ್ತಾನೆ, ಹಿಂದೆ ಕೂತ ಹೆಂಡತಿ ಸೆರಗು ಹೊದ್ದು ಕೂಡುತ್ತಾಳೆ. ನಡುವೆ ಮಗು. ಬಿದ್ದರೆ ರಸ್ತೆ ಇಬ್ಬರ ತಲೆಗೂ ಒಂದೇ!

"ನಾ ಏನು ದೂರ ಹೊಂಟೇನಿ? ಇಲ್ಲೇ ಸಂತಿಗೆ ಹೋಗಿ ಬರ್ತೀನಿ" ಅಂತ ಹೆಲ್ಮೆಟ್ ಗೂಟಕ್ಕೆ ತೂಗುಹಾಕಿ ಹೋಗುವವರು ಬಹಳ. ಗೂಟಕ್ಕೆ ತಲೆ ಇಲ್ಲ. ತಲೆ ನಿಮಗಿದೆ. ಹೆಲ್ಮೆಟ್ ಸರಿಯಾಗಿ ಹಾಕಿದರೆ, ಸಾಯಬಹುದಾಗಿದ್ದ 100 ಜನರಲ್ಲಿ ಸುಮಾರು 40 ಜನ ಬದುಕುತ್ತಾರೆ ಎಂದು ಅಧ್ಯಯನಗಳು ತಿಳಿಸಿವೆ. ಐ.ಎಸ್.ಐ. ಗುರುತು ನೋಡಿ ಕೊಳ್ಳಿ. ಗದ್ದದ ಕೆಳಗೆ ಪಟ್ಟಿ ಬಿಗಿಯಿರಿ. ಪಟ್ಟಿ ಕಟ್ಟದ ಹೆಲ್ಮೆಟ್ ಮೊದಲೇ ಹಾರಿ ಹೋಗುತ್ತದೆ.

ಬದುಕಿ ಉಳಿದವರ ಗೋಳು

ಸತ್ತವರ ಲೆಕ್ಕ ಮಾತ್ರ ಸಾಲದು. 2023ರಲ್ಲಿ 4,62,825 ಜನ ಗಾಯಗೊಂಡರು. ಇವರಲ್ಲಿ ಎಷ್ಟೋ ಜನರದು ತೀವ್ರ ಗಾಯ.

ತೀವ್ರ ಗಾಯ ಅಂದರೆ ಏನು? ಎಲುಬು ಮುರಿಯುವುದು. ಕಣ್ಣು ಹೋಗುವುದು. ಕೈಕಾಲು ಹೋಗುವುದು. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನ ಪ್ರಕಾರ, ಗಾಯದಿಂದ 15 ದಿನ ತನ್ನ ಕೆಲಸ ಮಾಡಲು ಆಗದಿದ್ದರೂ ಅದು ತೀವ್ರ ಗಾಯ.

ಕಾಗದದ ಮೇಲೆ ಇದು ಒಂದು ಸಾಲು. ಮನೆಯಲ್ಲಿ ಅದು ವರ್ಷಗಳ ಕಷ್ಟ. ಕಾಲು ಮುರಿದವ ಕಬ್ಬು ಕಡಿಯಲು ಹೋಗಲಾರ. ಸೊಂಟಕ್ಕೆ ಪೆಟ್ಟಾದವಳು ಕೊಡ ಎತ್ತಲಾರಳು. ದವಾಖಾನೆಗೆ ಸಾಲ ಆಗುತ್ತದೆ. ಎತ್ತು ಮಾರುತ್ತಾರೆ, ಆಮೇಲೆ ಹೊಲ. ಶಾಲೆಗೆ ಹೋಗುವ ಹುಡುಗ ಶಾಲೆ ಬಿಟ್ಟು ಕೂಲಿಗೆ ಹೋಗುತ್ತಾನೆ. ಇದು ಯಾವ ಸರ್ಕಾರದ ಲೆಕ್ಕದಲ್ಲೂ ಬರುವುದಿಲ್ಲ.

ನಮ್ಮ ಜಿಲ್ಲೆಯ ರಸ್ತೆಗಳು

ನಮ್ಮ ಜಿಲ್ಲೆಯಲ್ಲಿ ದೊಡ್ಡ ದೊಡ್ಡ ಹೆದ್ದಾರಿಗಳಿವೆ. ಮುಂಬೈ–ಬೆಂಗಳೂರು ಹೆದ್ದಾರಿ ವಾಳವಾ ತಾಲೂಕಿನಲ್ಲಿ ಹಾದು ಹೋಗುತ್ತದೆ. ರತ್ನಾಗಿರಿ–ನಾಗಪುರ ಹೆದ್ದಾರಿ ಮಿರಜ್, ಕವಠೆ ಮಹಾಂಕಾಳ ಕಡೆಯಿಂದ ಹೋಗುತ್ತದೆ. ಗುಹಾಗರ–ವಿಜಯಪುರ ರಸ್ತೆ ಜತ್ ಮೇಲೆ ಹೋಗುತ್ತದೆ. ರಸ್ತೆ ಚೆನ್ನಾದವು. ಊರು ಹತ್ತಿರ ಆದವು. ಆದರೆ ವೇಗವೂ ಬಂತು. ಅದೇ ರಸ್ತೆ ಮೇಲೆ ಎತ್ತಿನಗಾಡಿ, ಕುರಿ ಹಿಂಡು, ಶಾಲೆ ಮಕ್ಕಳು, ದಿಂಡಿಯವರು ಎಲ್ಲರೂ ಇದ್ದಾರೆ.

2022ರ ಅಕ್ಟೋಬರ್ 31ರಂದು ಕಾರ್ತಿಕ ಏಕಾದಶಿಗೆ ಕೊಲ್ಹಾಪುರ ಜಿಲ್ಲೆಯ ವಾರಕರಿಗಳು ಪಂಢರಪುರಕ್ಕೆ ನಡೆದು ಹೊರಟಿದ್ದರು. ಮಿರಜ್ ದಾಟಿ ಮುಂದೆ, ಸಾಂಗೋಲಾ ತಾಲೂಕಿನ ಜುನೋನಿ ಹತ್ತಿರ ಸಂಜೆ ಹೊತ್ತು ಒಂದು ಕಾರು ಅವರೊಳಗೆ ನುಗ್ಗಿತು. 7 ಜನ ಸತ್ತರು.

ಕತ್ತಲಲ್ಲಿ ನಡೆಯುವಾಗ ಎರಡು ಮಾತು ನೆನಪಿಡಿ. ಒಂದು, ರಸ್ತೆಯ ಬಲಗಡೆ ಅಂಚಿನಲ್ಲಿ ನಡೆಯಿರಿ. ಆಗ ಎದುರಿಗೆ ಬರುವ ಗಾಡಿ ಕಣ್ಣಿಗೆ ಕಾಣುತ್ತದೆ. ಎರಡು, ಬಿಳಿ ಬಟ್ಟೆ ಹಾಕಿ, ಕೈಯಲ್ಲಿ ಬ್ಯಾಟರಿ ಹಿಡಿಯಿರಿ. ದಿಂಡಿಯಲ್ಲಿ ಮುಂದೊಬ್ಬ, ಹಿಂದೊಬ್ಬ ಬೆಳಕು ಹಿಡಿದು ನಡೆಯಲಿ.

ಇನ್ನು ಕಬ್ಬಿನ ಸುಗ್ಗಿ. ಕಾರ್ಖಾನೆ ಶುರುವಾದರೆ ಟ್ರ್ಯಾಕ್ಟರ್ ಹಿಂದೆ ಎರಡೆರಡು ಟ್ರಾಲಿ. ರಾತ್ರಿ ರಸ್ತೆ ಬದಿ ಕೆಟ್ಟು ನಿಂತ ಟ್ರಾಲಿಗೆ ಹಿಂದೆ ದೀಪ ಇರುವುದಿಲ್ಲ. ಮೋಟರ್ ಸೈಕಲ್ ಹುಡುಗ ಅದನ್ನು ಕಾಣುವುದು ತಗಲಿದ ಮೇಲೆಯೇ. ಟ್ರಾಲಿ ಹಿಂದೆ ಹೊಳೆಯುವ ಕೆಂಪು ಪಟ್ಟಿ ಹಚ್ಚಿರಿ. ಅದರ ಖರ್ಚು ಸ್ವಲ್ಪ. ಟ್ರಾಲಿ ಕೆಟ್ಟರೆ ಹಿಂದೆ ದೂರದಲ್ಲಿ ಕಲ್ಲಿಡಬೇಡಿ, ಕೆಂಪು ದೀಪ ಇಡಿ. ಕಲ್ಲಿಟ್ಟು ಮರೆತು ಹೋದರೆ ಆ ಕಲ್ಲೇ ಇನ್ನೊಬ್ಬನನ್ನು ಕೆಡವುತ್ತದೆ.

ಅಪಘಾತ ಕಂಡರೆ ಏನು ಮಾಡಬೇಕು?

"ಯಾಕ ಬೇಕಪ್ಪಾ ಪೊಲೀಸರ ಉಸಾಬರಿ?" ಅಂತ ಜನ ದೂರ ಸರಿಯುತ್ತಾರೆ. ಈ ಹೆದರಿಕೆ ಈಗ ಬೇಡ. 2016ರಲ್ಲಿ ಸುಪ್ರೀಂ ಕೋರ್ಟ್ ಸಹಾಯ ಮಾಡುವವರ ಪರ ನಿಂತಿತು. 2019ರಲ್ಲಿ ಕಾನೂನೂ ತಿದ್ದುಪಡಿ ಆಯಿತು. ಗಾಯಗೊಂಡವರನ್ನು ದವಾಖಾನೆಗೆ ಮುಟ್ಟಿಸಿದವರ ಮೇಲೆ ಕೇಸು ಇಲ್ಲ. ಹೆಸರು ಹೇಳು ಅಂತ ಬಲವಂತ ಮಾಡುವಂತಿಲ್ಲ. ತೀವ್ರ ಗಾಯವಾದವರನ್ನು ಮೊದಲ ಒಂದು ತಾಸಿನೊಳಗೆ ದವಾಖಾನೆಗೆ ಮುಟ್ಟಿಸಿ ಜೀವ ಉಳಿಸಿದವರಿಗೆ ಸರ್ಕಾರ ಬಹುಮಾನ ಕೊಡುತ್ತದೆ. 2021ರಲ್ಲಿ ಅದು 5,000 ರೂಪಾಯಿ ಇತ್ತು. 2025ರಲ್ಲಿ 25,000 ರೂಪಾಯಿ ಆಯಿತು.

ಆ ಮೊದಲ ತಾಸು ಬಂಗಾರದ ತಾಸು. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುತ್ತದೆ. 112ಕ್ಕೂ ಮಾಡಬಹುದು. ಅದು ಬರುವ ತನಕ ರಕ್ತ ಸೋರುವ ಜಾಗವನ್ನು ಸ್ವಚ್ಛ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕುತ್ತಿಗೆ, ಬೆನ್ನು ಬಾಗಿಸಬೇಡಿ. ಎಚ್ಚರ ತಪ್ಪಿದವರಿಗೆ ನೀರು ಕುಡಿಸಬೇಡಿ. ನೀರು ಉಸಿರಿನ ನಾಳಕ್ಕೆ ಹೋದರೆ ಜೀವಕ್ಕೆ ಅಪಾಯ.

ಹಣದ ಸಹಾಯ ಏನಿದೆ?

2025ರ ಮೇ ತಿಂಗಳಿಂದ ಕೇಂದ್ರದ ಹೊಸ ಯೋಜನೆ ಬಂದಿದೆ. ಗಾಡಿ ಅಪಘಾತದಲ್ಲಿ ಗಾಯವಾದವರಿಗೆ ಗೊತ್ತುಪಡಿಸಿದ ದವಾಖಾನೆಗಳಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿ ತನಕ ಹಣ ಕಟ್ಟದೆ ಚಿಕಿತ್ಸೆ ಇದೆ. ದವಾಖಾನೆಯಲ್ಲಿ ಇದನ್ನು ಕೇಳಿ.

ಗುದ್ದಿದ ಗಾಡಿ ಓಡಿ ಹೋಗಿ ಸಿಗದಿದ್ದರೆ? ಸತ್ತವರ ಮನೆಯವರಿಗೆ 2 ಲಕ್ಷ, ತೀವ್ರ ಗಾಯವಾದವರಿಗೆ 50,000 ರೂಪಾಯಿ ಪರಿಹಾರ ಇದೆ. ಈ ಮೊತ್ತ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ತಹಸೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ.

ಗಾಡಿ ಸಿಕ್ಕರೆ ಅಪಘಾತ ಪರಿಹಾರದ ಕೋರ್ಟಿಗೆ ಅರ್ಜಿ ಹಾಕಬೇಕು. 6 ತಿಂಗಳೊಳಗೆ ಹಾಕಿ, ತಡ ಮಾಡಬೇಡಿ. ಪೊಲೀಸ್ ದೂರು, ಪಂಚನಾಮೆ, ದವಾಖಾನೆ ಚೀಟಿ, ಔಷಧದ ಬಿಲ್ – ಎಲ್ಲ ಜೋಪಾನವಾಗಿ ಇಡಿ. ವಕೀಲರಿಗೆ ಕೊಡಲು ಹಣ ಇಲ್ಲವೇ? 15100ಕ್ಕೆ ಫೋನ್ ಮಾಡಿ ಉಚಿತ ಕಾನೂನು ನೆರವು ಕೇಳಿ. ಓದದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ, ಸಹಿ ಮಾಡಬೇಡಿ. ನಿಮಗೆ ಈಗ ಓದು ಬಂದಿದೆ.

ಕಡಿಮೆ ಮಾಡಲು ಆಗುತ್ತದೆಯೇ?

ಆಗುತ್ತದೆ. ಮುಂಬೈ–ಪುಣೆ ಎಕ್ಸ್‌ಪ್ರೆಸ್ ರಸ್ತೆಯಲ್ಲಿ 2016ರಲ್ಲಿ 151 ಜನ ಸತ್ತಿದ್ದರು. ಆಮೇಲೆ ರಸ್ತೆ ಬದಿಗೆ ತಡೆಗೋಡೆ ಕಟ್ಟಿದರು. ಅಪಾಯದ ಜಾಗ ಹುಡುಕಿ ಸರಿ ಮಾಡಿದರು. ವೇಗದ ಮೇಲೆ ಕಣ್ಣಿಟ್ಟರು. ನಾಲ್ಕೈದು ವರ್ಷದಲ್ಲಿ ಸಾವು ಅರ್ಧಕ್ಕಿಂತ ಕಡಿಮೆ ಆದವು. ಜನರ ಹಣೆಬರಹ ಬದಲಾಗಲಿಲ್ಲ. ರಸ್ತೆ ಬದಲಾಯಿತು, ನಡೆ ಬದಲಾಯಿತು.

ನಿಮ್ಮ ಊರಿನ ಫಾಟಾ ಹತ್ತಿರ ಮತ್ತೆ ಮತ್ತೆ ಅಪಘಾತ ಆಗುತ್ತವೆಯೇ? ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ. ದೀಪ ಬೇಕು, ಉಬ್ಬು ಬೇಕು, ಫಲಕ ಬೇಕು ಅಂತ ಅರ್ಜಿ ಬರೆಯಿರಿ. ಅರ್ಜಿ ನೀವೇ ಬರೆಯಿರಿ.

ಹೊಸ ಪದಗಳು
ಹೆದ್ದಾರಿ – ದೊಡ್ಡ ರಸ್ತೆ
ತೀವ್ರ – ಬಹಳ ಹೆಚ್ಚಿನ
ಪರಿಹಾರ – ಹಾನಿಗೆ ಬದಲಾಗಿ ಕೊಡುವ ಹಣ

ಉತ್ತರ ಹೇಳಿ
1. 2023ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಿಂದ ಎಷ್ಟು ಜನ ಸತ್ತರು?
2. ವೇಗ 80 ಇದ್ದರೆ ಒಂದು ಸೆಕೆಂಡಿನಲ್ಲಿ ಗಾಡಿ ಎಷ್ಟು ಮಾರು ಹೋಗುತ್ತದೆ?
3. ಆಂಬುಲೆನ್ಸ್ ಕರೆಯುವ ಫೋನ್ ನಂಬರ್ ಯಾವುದು? ಅದನ್ನು ಮನೆಯ ಗೋಡೆ ಮೇಲೆ ದೊಡ್ಡದಾಗಿ ಬರೆಯಿರಿ.
4. ನಿಮ್ಮ ಮನೆಯಲ್ಲಿ ಎಷ್ಟು ಜನ ಗಾಡಿ ಮೇಲೆ ಹೋಗುತ್ತಾರೆ? ಎಷ್ಟು ಹೆಲ್ಮೆಟ್ ಇವೆ? ಎಣಿಸಿ ಬರೆಯಿರಿ.