ಮದ್ದೆಲ್ಲ ಒಂದೇ ಅಲ್ಲ ಸ್ವಾಮಿ!

ಕೊಡಗಿನ ಮನೆಗಳಲ್ಲಿ ಕೈಲ್‌ಪೊಳ್ದ್ ದಿನ ಹೂವೇರಿಸಿಕೊಳ್ಳುವ ಕೋವಿಗಳ ಸಾಲಿನಲ್ಲಿ ಅಜ್ಜನ ಕಾಲದ ಕೇಪಿನ ಕೋವಿಯೂ ಉಂಟು. ನಳಿಗೆಯ ಬಾಯಿಂದ ಮದ್ದು ಸುರಿದು, ಗಜದಿಂದ ಜಡಿಯುವ ಕೋವಿ. ಅದಕ್ಕೆ ಕರಿಮದ್ದೇ ಆಗಬೇಕು. ‘ಮದ್ದು ಮದ್ದೇ ಅಲ್ವಾ, ತೋಟಾ ಒಡೆದು ಒಳಗಿಂದು ಸುರಿದ್ರಾಯ್ತು’ ಅನ್ನುವ ಮಹಾನುಭಾವರು ಸ್ವಲ್ಪ ಕೇಳಬೇಕು.

ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ್ದು ಕರಿಮದ್ದು. ಹೊಗೆಯೋ ಹೊಗೆ, ನಳಿಗೆ ತುಂಬ ಮಸಿ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಮಾಡಿದ ಹೊಗೆಯಿಲ್ಲದ ಮದ್ದಿನ ಜಾತಿಯೇ ಬೇರೆ. ಅಷ್ಟೇ ತೂಕಕ್ಕೆ ಬಲ ಬಹಳ ಹೆಚ್ಚು. ಒತ್ತಡ ಏರಿದಷ್ಟೂ ಉರಿ ಜೋರು, ಉರಿ ಜೋರಾದಷ್ಟೂ ಒತ್ತಡ. ಹಳೇ ನಳಿಗೆ ತಾಳೀತೇ? ಸಿಡಿದರೆ ಹೋಗುವುದು ನಳಿಗೆ ಹಿಡಿದ ಕೈ, ಗುರಿಯಿಟ್ಟ ಕಣ್ಣು.

ತೋಟಾ ಮದ್ದಿನಲ್ಲೂ ಪಂಗಡಗಳಿವೆ. ಪಿಸ್ತೂಲಿಗೆ ಬೇಗ ಉರಿಯುವುದು, ರೈಫಲಿಗೆ ನಿಧಾನದ್ದು. ಅಮೆರಿಕದ ಬೇಟೆಗಾರರು ಮನೆಯಲ್ಲೇ ತೋಟಾ ತುಂಬುತ್ತಾರೆ, ನಿಜ. ಆದರೆ ಮದ್ದಿನ ಕಂಪನಿಯ ಪಟ್ಟಿ ನೋಡಿ, ಗ್ರೇನ್ ಲೆಕ್ಕದಲ್ಲಿ ತೂಗಿ!

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿತು. ಅದು ಕೋವಿ ಇಟ್ಟುಕೊಳ್ಳಲಿಕ್ಕೆ, ಬೇಟೆಗಲ್ಲ. ಬೇಟೆಗೆ 1972ರ ಕಾಯಿದೆ ಬೀಗ ಹಾಕಿದೆ.

ಅಟ್ಟದಲ್ಲಿ ಚೀಟಿಯಿಲ್ಲದ ಮದ್ದಿನ ಡಬ್ಬಿ ಸಿಕ್ಕಿದರೆ ಬಣ್ಣ ನೋಡಿ ಗುರುತಿಸಲು ಹೋಗಬೇಡಿ. ಎರಡೂ ಕಪ್ಪಗೇ ಇರಬಹುದು. ಪೊಲೀಸ್ ಠಾಣೆಗೆ ತಿಳಿಸಿ.