ರಿಲೇ ಗೆದ್ದ ಹುಡುಗಿ, ಕೊಳದ ಬಳಿ ಇಟ್ಟಿದ್ದ ಯಂತ್ರ: ಲಾಂಗ್ ಕ್ಯೂಟಿ ಬಗ್ಗೆ ಮನೆಯವರು ತಿಳಿಯಬೇಕಾದದ್ದು

2004ರ ಆಗಸ್ಟ್ 18. ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 4x200 ಮೀಟರ್ ಫ್ರೀಸ್ಟೈಲ್ ರಿಲೇಯ ಫೈನಲ್. ಒಂದು ತಂಡಕ್ಕೆ ನಾಲ್ವರು ಈಜುಗಾರ್ತಿಯರು. ಒಬ್ಬೊಬ್ಬರೂ 50 ಮೀಟರ್ ಕೊಳವನ್ನು ನಾಲ್ಕು ಸಲ ದಾಟಬೇಕು. ಒಬ್ಬಳು ಗೋಡೆ ಮುಟ್ಟಿದ ಕೂಡಲೇ ಮುಂದಿನವಳು ಧುಮುಕಬೇಕು. ಅಮೆರಿಕದ ನಟಾಲಿ ಕಾಗ್ಲಿನ್, ಕಾರ್ಲಿ ಪೈಪರ್, ಡೇನಾ ವೋಲ್ಮರ್ ಮತ್ತು ಕೇಟ್ಲಿನ್ ಸ್ಯಾಂಡಿನೋ 7 ನಿಮಿಷ 53.42 ಸೆಕೆಂಡಿನಲ್ಲಿ ಗುರಿ ಮುಟ್ಟಿ ಚಿನ್ನ ಗೆದ್ದರು. ಚೀನಾಕ್ಕೆ ಬೆಳ್ಳಿ, ಜರ್ಮನಿಗೆ ಕಂಚು. ಅಂದು ಮುರಿದ ವಿಶ್ವದಾಖಲೆ 1987ರಲ್ಲಿ ಪೂರ್ವ ಜರ್ಮನಿ ಮಾಡಿದ್ದು, 7 ನಿಮಿಷ 55.47 ಸೆಕೆಂಡ್. ದಾಖಲೆ ಮಾಡಿದ ದೇಶವೇ ನಕ್ಷೆಯಿಂದ ಹೋಗಿ ಹದಿನಾಲ್ಕು ವರ್ಷವಾಗಿತ್ತು, ದಾಖಲೆ ಮಾತ್ರ ಉಳಿದಿತ್ತು.

ಈ ತಂಡದಲ್ಲಿ ಮೂರನೆಯವಳಾಗಿ ನೀರಿಗಿಳಿದ ಡೇನಾ ವೋಲ್ಮರ್‌ಗೆ ಆಗ 16 ವರ್ಷ. ಹಿಂದಿನ ವರ್ಷವಷ್ಟೇ ಆಕೆಯ ಹೃದಯಕ್ಕೆ ಚಿಕಿತ್ಸೆಯಾಗಿತ್ತು. ಹೃದಯ ಇದ್ದಕ್ಕಿದ್ದಂತೆ ವಿಪರೀತ ವೇಗದಲ್ಲಿ ಬಡಿದುಕೊಳ್ಳುವ ತೊಂದರೆಯನ್ನು ವೈದ್ಯರು ಸರಿಪಡಿಸಿದ್ದರು. ಅದೇ ಹೊತ್ತಿಗೆ ಇನ್ನೊಂದು ಸಂಶಯವೂ ಹುಟ್ಟಿತ್ತು: ಈಕೆಗೆ ಲಾಂಗ್ ಕ್ಯೂಟಿ ಸಿಂಡ್ರೋಮ್ ಇರಬಹುದು. ಎದೆಯೊಳಗೆ ಡಿಫಿಬ್ರಿಲೇಟರ್ ಅಳವಡಿಸಿಕೊಳ್ಳುವ ಸಲಹೆಯೂ ಬಂದಿತ್ತು. ಹಾಗೆ ಮಾಡಿಸಿಕೊಂಡರೆ ಈಜು ಅಲ್ಲಿಗೇ ನಿಲ್ಲುತ್ತಿತ್ತು. ಮನೆಯವರು ಬೇರೆ ದಾರಿ ಹಿಡಿದರು. ಕೈಯಲ್ಲಿ ಹಿಡಿದು ಒಯ್ಯಬಹುದಾದ ಒಂದು ಡಿಫಿಬ್ರಿಲೇಟರನ್ನು ಅಭ್ಯಾಸಕ್ಕೂ ಸ್ಪರ್ಧೆಗೂ ಜೊತೆಗೆ ಕೊಂಡೊಯ್ಯತೊಡಗಿದರು. ಮಗಳು ನೀರಿನಲ್ಲಿ, ತಾಯಿಯ ಬಳಿ ಯಂತ್ರ.

ಈ ಕಥೆಯನ್ನು ಧೈರ್ಯದ ಕಥೆಯಾಗಿ ಹೇಳುವವರೇ ಹೆಚ್ಚು. ರೋಗಿಗಳ ಮನೆಯವರಿಗೆ ಅದಕ್ಕಿಂತ ಉಪಯೋಗವಾಗುವುದು, ಆ ತಾಯಿ ಹೆದರಿದ್ದು ಯಾವುದಕ್ಕೆ, ಆ ಯಂತ್ರ ಯಾಕೆ ಬೇಕಾಗಿತ್ತು ಎಂಬ ವಿಚಾರ.

ಎರಡು ತೊಂದರೆಗಳು ಬೇರೆ ಬೇರೆ

ವೋಲ್ಮರ್‌ಗೆ ಮೊದಲು ಚಿಕಿತ್ಸೆಯಾದ ತೊಂದರೆಗೆ ಎಸ್‌ವಿಟಿ ಎನ್ನುತ್ತಾರೆ. ಹೃದಯದ ಮೇಲಿನ ಭಾಗದಲ್ಲಿ ವಿದ್ಯುತ್ ಸಂಕೇತವು ಅಡ್ಡದಾರಿ ಹಿಡಿದು ಸುತ್ತುತ್ತಲೇ ಇರುತ್ತದೆ. ಬಡಿತ ನಿಮಿಷಕ್ಕೆ 150ರಿಂದ 250ರವರೆಗೂ ಏರಬಹುದು. ಎದೆ ಹೊಡೆದುಕೊಳ್ಳುತ್ತದೆ, ಬೆವರು ಬರುತ್ತದೆ, ತಲೆ ಹಗುರವಾಗುತ್ತದೆ. ಭಯವಾಗುವುದು ನಿಜ, ಆದರೆ ಹೆಚ್ಚಿನವರಲ್ಲಿ ಇದು ಜೀವಕ್ಕೆ ಅಪಾಯ ತರುವುದಿಲ್ಲ. ತೊಡೆಯ ರಕ್ತನಾಳದ ಮೂಲಕ ಸಣ್ಣ ತಂತಿ ಕಳಿಸಿ ಆ ಅಡ್ಡದಾರಿಯನ್ನು ಸುಟ್ಟುಹಾಕುವ ಅಬ್ಲೇಶನ್ ಚಿಕಿತ್ಸೆಯಿಂದ ಬಹುತೇಕ ಮಂದಿ ಪೂರ್ತಿ ಗುಣವಾಗುತ್ತಾರೆ.

ಲಾಂಗ್ ಕ್ಯೂಟಿ ಹಾಗಲ್ಲ. ಪ್ರತಿ ಬಡಿತದ ನಂತರ ಹೃದಯದ ಜೀವಕೋಶಗಳು ಮುಂದಿನ ಬಡಿತಕ್ಕಾಗಿ ಮತ್ತೆ ಸಜ್ಜಾಗಬೇಕು. ಪೊಟ್ಯಾಸಿಯಂ, ಸೋಡಿಯಂನಂಥ ಲವಣಗಳು ಒಳಗೆ ಹೊರಗೆ ಹರಿಯುವ ಸಣ್ಣ ಬಾಗಿಲುಗಳಿಂದ ಈ ಕೆಲಸ ನಡೆಯುತ್ತದೆ. ಹುಟ್ಟಿನಿಂದಲೇ ಆ ಬಾಗಿಲುಗಳಲ್ಲಿ ದೋಷವಿದ್ದರೆ ಸಜ್ಜಾಗಲು ಹೆಚ್ಚು ಹೊತ್ತು ಬೇಕಾಗುತ್ತದೆ. ಇಸಿಜಿ ಕಾಗದದಲ್ಲಿ ಕ್ಯೂ ಎಂಬ ಗುರುತಿನಿಂದ ಟಿ ಅಲೆ ಮುಗಿಯುವವರೆಗಿನ ಅಂತರ ಉದ್ದವಾಗಿ ಕಾಣುತ್ತದೆ. ಹೆಸರು ಬಂದದ್ದು ಅದರಿಂದಲೇ. ಸುಮಾರು 2,000 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ.

ಅಂತರ ಉದ್ದವಾಗಿರುವುದರಿಂದ ದಿನನಿತ್ಯ ಏನೂ ತೊಂದರೆ ತಿಳಿಯುವುದಿಲ್ಲ. ಎದೆನೋವಿಲ್ಲ, ಆಯಾಸವಿಲ್ಲ. ಎಕೋ ಮಾಡಿಸಿದರೆ ಹೃದಯ ಚೆನ್ನಾಗಿಯೇ ಇದೆ ಎಂಬ ವರದಿ ಬರುತ್ತದೆ, ಏಕೆಂದರೆ ದೋಷ ಇರುವುದು ಹೃದಯದ ಆಕಾರದಲ್ಲಲ್ಲ, ವಿದ್ಯುತ್ತಿನಲ್ಲಿ. ಅಪಾಯ ಬರುವುದು ತಪ್ಪಾದ ಒಂದು ಕ್ಷಣದಲ್ಲಿ. ಹೃದಯ ಇನ್ನೂ ಸಜ್ಜಾಗದಿರುವಾಗಲೇ ಮತ್ತೊಂದು ಸಂಕೇತ ಬಂದರೆ ಬಡಿತ ಲಯ ತಪ್ಪಿ ಹೃದಯ ಬರೀ ನಡುಗತೊಡಗುತ್ತದೆ. ಮೆದುಳಿಗೆ ರಕ್ತ ಹೋಗುವುದಿಲ್ಲ, ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ಹೆಚ್ಚಿನ ಸಲ ಲಯ ತಾನಾಗಿಯೇ ಮರಳಿ ರೋಗಿ ಎದ್ದು ಕೂರುತ್ತಾರೆ. ಮರಳದಿದ್ದರೆ ಸಾವು.

ಈಜುವಾಗಲೇ ಏಕೆ?

ಲಾಂಗ್ ಕ್ಯೂಟಿಯಲ್ಲಿ ಹಲವು ಬಗೆಗಳಿವೆ. ಮೊದಲ ಮೂರು ಬಗೆಗಳೇ ಹೆಚ್ಚು ಕಾಣುವುದು. ಮೊದಲ ಬಗೆಯವರಿಗೆ ಓಟ, ಆಟ, ಅದರಲ್ಲೂ ಈಜು ಅಪಾಯ. ಎರಡನೆಯ ಬಗೆಯವರಿಗೆ ಹಠಾತ್ ಸದ್ದು: ಬೆಳಗಿನ ಅಲಾರಂ, ಫೋನಿನ ಗಂಟೆ, ಪಟಾಕಿ. ಮೂರನೆಯ ಬಗೆಯವರಲ್ಲಿ ನಿದ್ರೆಯಲ್ಲೇ ಲಯ ತಪ್ಪುವುದು ಹೆಚ್ಚು. ಒಂದೇ ಹೆಸರಿನ ಕಾಯಿಲೆ ಒಬ್ಬರನ್ನು ಆಟದ ನಡುವೆ, ಇನ್ನೊಬ್ಬರನ್ನು ಮಂಚದ ಮೇಲೆ ಹಿಡಿಯುತ್ತದೆ.

ನೀರಿಗೂ ಹೃದಯಕ್ಕೂ ಒಂದು ವಿಶೇಷ ನಂಟಿದೆ. ಮುಖ ತಣ್ಣೀರಿನಲ್ಲಿ ಮುಳುಗಿ ಉಸಿರು ಕಟ್ಟಿದ ಕೂಡಲೇ ದೇಹ ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ. ಇದು ಎಲ್ಲರಲ್ಲೂ ಇರುವ ಸಹಜ ಪ್ರತಿಕ್ರಿಯೆ. ಅದೇ ವೇಳೆ ಕೈಕಾಲು ಬೀಸುವ ಶ್ರಮ, ಸ್ಪರ್ಧೆಯ ಉದ್ವೇಗ ಬಡಿತವನ್ನು ಏರಿಸಲು ನೋಡುತ್ತವೆ. ಬ್ರೇಕ್ ಮತ್ತು ಆಕ್ಸಿಲರೇಟರ್ ಎರಡನ್ನೂ ಒಟ್ಟಿಗೆ ಒತ್ತಿದಂತೆ. ಆರೋಗ್ಯವಂತ ಹೃದಯ ಇದನ್ನು ಸಲೀಸಾಗಿ ನಿಭಾಯಿಸುತ್ತದೆ, ಸಜ್ಜಾಗಲು ತಡಮಾಡುವ ಹೃದಯಕ್ಕೆ ಇದು ಕಷ್ಟ. ಇನ್ನೊಂದು ಸರಳ ಕಾರಣವೂ ಇದೆ. ನೆಲದ ಮೇಲೆ ಹತ್ತು ಸೆಕೆಂಡು ಎಚ್ಚರ ತಪ್ಪಿದವರು ಏಳುತ್ತಾರೆ, ನೀರಿನಲ್ಲಿ ತಪ್ಪಿದವರು ಮುಳುಗುತ್ತಾರೆ.

ಆದ್ದರಿಂದ ಒಳ್ಳೆಯ ಹೃದಯತಜ್ಞರು ಮನೆತನದ ಬಗ್ಗೆ ಕೇಳುವಾಗ ಒಂದು ವಿಚಿತ್ರ ಪ್ರಶ್ನೆ ಕೇಳುತ್ತಾರೆ: ಚೆನ್ನಾಗಿ ಈಜು ಬರುತ್ತಿದ್ದ ಯಾರಾದರೂ ನಿಮ್ಮಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಿದ್ದಾರೆಯೇ? ನೀವು ಪುಣೆಯಲ್ಲೋ ಚೆನ್ನೈಯಲ್ಲೋ ಬೆಳೆದವರಾದರೆ ಇದಕ್ಕೆ ಉತ್ತರ ನಿಮ್ಮ ಬಳಿ ಇರಲಾರದು, ಊರಿನಲ್ಲಿರುವ ಅಜ್ಜಿಯ ಬಳಿ ಇರುತ್ತದೆ. ಕೆರೆಯಲ್ಲಿ ಹೋದ ಸೋದರಮಾವ, ಹಾಸಿಗೆಯಲ್ಲೇ ಪ್ರಾಣಬಿಟ್ಟ ಎಳೆಯ ಬಾಣಂತಿ, ಕಾರಣ ತಿಳಿಯದೆ ತೀರಿಕೊಂಡ ಮಗು. ದೃಷ್ಟಿ, ಗಾಳಿ, ಹಣೆಬರಹ ಎಂದು ಮುಚ್ಚಿಹೋದ ಸಂಗತಿಗಳಿವು. ಅಪಾಯಿಂಟ್‌ಮೆಂಟಿಗೆ ಮೊದಲು ಒಂದು ಫೋನ್ ಮಾಡಿ ಕೇಳಿ ಬರೆದಿಟ್ಟುಕೊಳ್ಳಿ.

‘ಮೂರ್ಛೆ’ ಎಂಬ ಪದದ ತೊಡಕು

ಲಾಂಗ್ ಕ್ಯೂಟಿ ಇರುವ ಮಕ್ಕಳಿಗೆ ವರ್ಷಗಟ್ಟಲೆ ಫಿಟ್ಸ್ ಮಾತ್ರೆ ಕೊಡುವುದು ಎಲ್ಲ ದೇಶಗಳಲ್ಲೂ ನಡೆದಿದೆ. ಮೆದುಳಿಗೆ ರಕ್ತ ನಿಂತಾಗ ಕೈಕಾಲು ಅದುರಬಹುದು, ನೋಡುವವರಿಗೆ ಅದು ಅಪಸ್ಮಾರದಂತೆಯೇ ಕಾಣುತ್ತದೆ. ನಮ್ಮ ಭಾಷೆಯಲ್ಲಿ ಇನ್ನೊಂದು ತೊಡಕಿದೆ. ಸುಮ್ಮನೆ ಎಚ್ಚರ ತಪ್ಪಿದರೂ ‘ಮೂರ್ಛೆ ಹೋದಳು’ ಎನ್ನುತ್ತೇವೆ, ಫಿಟ್ಸ್‌ಗೂ ‘ಮೂರ್ಛೆ ರೋಗ’ ಎನ್ನುತ್ತೇವೆ. ಮುಂಬೈಯ ಅಥವಾ ದಿಲ್ಲಿಯ ವೈದ್ಯರಿಗೆ ಅದನ್ನೇ ಹಿಂದಿಗೆ ತಿರುಗಿಸಿ ‘ಮಿರ್ಗಿ’ ಎಂದುಬಿಟ್ಟರೆ ವಿಚಾರಣೆ ಅಲ್ಲಿಂದಲೇ ಬೇರೆ ದಿಕ್ಕಿಗೆ ಹೋಗುತ್ತದೆ.

ಆದ್ದರಿಂದ ರೋಗದ ಹೆಸರು ಹೇಳಬೇಡಿ, ಕಂಡದ್ದನ್ನು ಹೇಳಿ. ಬೀಳುವ ಮುಂಚೆ ಏನು ಮಾಡುತ್ತಿದ್ದಳು? ಓಡುತ್ತಿದ್ದಳೇ, ಈಜುತ್ತಿದ್ದಳೇ, ಬೆಚ್ಚಿಬಿದ್ದಳೇ? ಮೊದಲು ಬಿದ್ದಳೇ, ಮೊದಲು ಅದುರಿದಳೇ? ಮುಖ ಬಿಳಿಚಿತ್ತೇ? ಎದ್ದ ಮೇಲೆ ಕೂಡಲೇ ಗುರುತು ಹಿಡಿದಳೇ, ಅರ್ಧ ಗಂಟೆ ಮಂಕಾಗಿದ್ದಳೇ? ಫಿಟ್ಸ್ ಆದವರು ಸಾಮಾನ್ಯವಾಗಿ ಮಂಕಾಗಿರುತ್ತಾರೆ, ಹೃದಯದಿಂದ ಬಿದ್ದವರು ಬೇಗ ಚೇತರಿಸಿಕೊಳ್ಳುತ್ತಾರೆ. ಬಿಸಿಲಿನಲ್ಲಿ ಪ್ರಾರ್ಥನೆಗೆ ನಿಂತು ತಲೆಸುತ್ತಿ ಬೀಳುವ ಮಕ್ಕಳು ಬಹಳ, ಅವರಲ್ಲಿ ಹೆಚ್ಚಿನವರಿಗೆ ಏನೂ ಇರುವುದಿಲ್ಲ. ಆಟದ ನಡುವೆಯೇ ಬಿದ್ದ ಮಗುವಿಗೆ ಮಾತ್ರ ಇಸಿಜಿ ಆಗಲೇಬೇಕು.

ಇಸಿಜಿಗೆ ನಮ್ಮ ನಗರಗಳಲ್ಲಿ ಕೆಲವು ನೂರು ರೂಪಾಯಿ ಸಾಕು. ಬಡಿತದ ವೇಗಕ್ಕೆ ಹೊಂದಿಸಿ ಲೆಕ್ಕಹಾಕಿದ ಅಂತರಕ್ಕೆ ಕ್ಯೂಟಿಸಿ ಎನ್ನುತ್ತಾರೆ. ಗಂಡಸರಲ್ಲಿ ಸುಮಾರು 450, ಹೆಂಗಸರಲ್ಲಿ ಸುಮಾರು 460 ಮಿಲಿಸೆಕೆಂಡಿನವರೆಗೆ ಸಾಮಾನ್ಯ. 500 ದಾಟಿದರೆ ಅಪಾಯ ಹೆಚ್ಚು. ಯಂತ್ರ ಛಾಪಿಸುವ ಸಂಖ್ಯೆ ಕೆಲವೊಮ್ಮೆ ತಪ್ಪಿರುತ್ತದೆ, ಆದ್ದರಿಂದ ವೈದ್ಯರು ಕೈಯಾರೆ ಅಳೆದು ನೋಡುವುದು ಒಳ್ಳೆಯದು. ಜೀನ್ ದೋಷವಿದ್ದೂ ಇಸಿಜಿ ಸರಿಯಾಗಿ ಕಾಣುವವರೂ ಇದ್ದಾರೆ. ಮನೆಯಲ್ಲಿ ಒಬ್ಬರಿಗೆ ಖಚಿತವಾದರೆ ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು ಎಲ್ಲರಿಗೂ ಪರೀಕ್ಷೆ ಬೇಕು. ತಂದೆತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆ.

ಹುಟ್ಟಿನಿಂದ ಕಿವಿ ಕೇಳದ ಮಕ್ಕಳಲ್ಲಿ ಇದರ ಒಂದು ತೀವ್ರ ರೂಪ ಅಪರೂಪಕ್ಕೆ ಕಾಣುತ್ತದೆ. 1957ರಲ್ಲಿ ನಾರ್ವೆಯ ಜೆರ್ವೆಲ್ ಮತ್ತು ಲಾಂಗೆ-ನೀಲ್ಸನ್ ಎಂಬ ವೈದ್ಯರು ಇದನ್ನು ವಿವರಿಸಿದರು. ತಂದೆತಾಯಿ ಇಬ್ಬರಿಂದಲೂ ದೋಷ ಬಂದಾಗ ಇದು ಆಗುತ್ತದೆ. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದಲ್ಲೇ ಮದುವೆಯಾಗುವ ಮನೆಗಳಲ್ಲಿ ಆ ಸಾಧ್ಯತೆ ಸ್ವಲ್ಪ ಹೆಚ್ಚು. ಮಗುವಿನ ಕಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸುವ ಮುಂಚೆ ಒಂದು ಇಸಿಜಿ ಕೇಳಿ.

ಔಷಧ ಅಂಗಡಿಗೆ ಹೋಗುವ ಮುಂಚೆ

ನಮ್ಮ ದೇಶದ ರೋಗಿಗಳು ಇದನ್ನು ನೆನಪಿಡಬೇಕು. ಕ್ಯೂಟಿ ಅಂತರವನ್ನು ಇನ್ನಷ್ಟು ಉದ್ದ ಮಾಡುವ ಮಾತ್ರೆಗಳು ನಮ್ಮಲ್ಲಿ ಸರಾಗವಾಗಿ ಸಿಗುತ್ತವೆ. ಗಂಟಲು ನೋವಿಗೆ ಕೊಡುವ ಅಜಿತ್ರೊಮೈಸಿನ್, ವಾಂತಿಗೆ ಒಂಡಾನ್ಸೆಟ್ರಾನ್, ಗ್ಯಾಸ್ ಎಂದ ಕೂಡಲೇ ಕೈಗಿಡುವ ಪ್ಯಾಂಟೊಪ್ರಜೋಲ್ ಜೊತೆಗಿನ ಡಾಂಪೆರಿಡೋನ್, ಲಿವೊಫ್ಲಾಕ್ಸಸಿನ್, ಫಂಗಸ್‌ಗೆ ಕೊಡುವ ಫ್ಲುಕೊನಜೋಲ್, ಮನಸ್ಸಿನ ಕಾಯಿಲೆಗೆ ಹ್ಯಾಲೊಪೆರಿಡಾಲ್, ಎಸಿಟಾಲೊಪ್ರಾಮ್. ಆರೋಗ್ಯವಂತರಿಗೆ ಇವುಗಳಿಂದ ತೊಂದರೆ ಆಗುವುದು ತೀರ ಅಪರೂಪ, ಬೇಕಾದವರು ಹೆದರಿ ನಿಲ್ಲಿಸಬೇಕಿಲ್ಲ. ಲಾಂಗ್ ಕ್ಯೂಟಿ ಇರುವವರು ಮಾತ್ರ ಹೃದಯತಜ್ಞರನ್ನು ಕೇಳದೆ ಇವನ್ನು ನುಂಗಬಾರದು. ವಾಂತಿಭೇದಿಯಾದಾಗ ಅಪಾಯ ಎರಡು ಕಡೆಯಿಂದ ಬರುತ್ತದೆ: ದೇಹದ ಪೊಟ್ಯಾಸಿಯಂ ಇಳಿಯುತ್ತದೆ, ಮೇಲಿಂದ ವಾಂತಿ ನಿಲ್ಲಿಸುವ ಮಾತ್ರೆ ಬೀಳುತ್ತದೆ. ಅಂಥ ದಿನ ಓಆರ್‌ಎಸ್ ಕುಡಿಸುತ್ತಲೇ ಆಸ್ಪತ್ರೆಗೆ ಫೋನ್ ಮಾಡಿ. ಕಾಯಿಲೆಯ ಹೆಸರನ್ನೂ ಬೇಡದ ಔಷಧಗಳ ಪಟ್ಟಿಯನ್ನೂ ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆಸಿ ಪರ್ಸಿನಲ್ಲಿಡಿ, ಫೋನಿನಲ್ಲೂ ಫೋಟೋ ಇರಲಿ. ಹಲ್ಲಿನ ವೈದ್ಯರಿಗೂ ತೋರಿಸಿ.

ಚಿಕಿತ್ಸೆಯ ಮೊದಲ ಮೆಟ್ಟಿಲು ಬೀಟಾ ಬ್ಲಾಕರ್ ಮಾತ್ರೆ, ಮುಖ್ಯವಾಗಿ ಪ್ರೊಪ್ರನೊಲಾಲ್ ಅಥವಾ ನ್ಯಾಡೊಲಾಲ್. ಮೊದಲ ಬಗೆಯವರಿಗೆ ಇದರಿಂದ ತುಂಬ ಒಳ್ಳೆಯ ರಕ್ಷಣೆ ಸಿಗುತ್ತದೆ. ದುಬಾರಿಯಲ್ಲ, ಆದರೆ ಒಂದು ದಿನವೂ ಬಿಡಬಾರದು. ಊರಿಗೆ ಹೋದಾಗ, ಉಪವಾಸದ ದಿನ, ಪರೀಕ್ಷೆಯ ಗಡಿಬಿಡಿಯಲ್ಲಿ ಬಿಟ್ಟುಹೋಗುವುದೇ ಹೆಚ್ಚು. ಆಸ್ತಮಾ ಇದ್ದರೆ ಮೊದಲೇ ಹೇಳಿ. ಮಾತ್ರೆ ಸಾಲದವರಿಗೆ, ಒಮ್ಮೆ ಹೃದಯ ನಿಂತು ಬದುಕಿದವರಿಗೆ ಎದೆಯೊಳಗೆ ಐಸಿಡಿ ಎಂಬ ಯಂತ್ರ ಇಡುತ್ತಾರೆ. ಕೆಲವರಿಗೆ ಎದೆಯ ಎಡಭಾಗದ ನರಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯೂ ಉಂಟು.

ಆಟ ಬಿಡಬೇಕೇ? ವೋಲ್ಮರ್ ಈಜುತ್ತಿದ್ದ ಕಾಲದಲ್ಲಿ ವೈದ್ಯರ ಉತ್ತರ ಬಹುತೇಕ ‘ಹೌದು’ ಎಂದೇ ಇತ್ತು. ಈಗ ಅಷ್ಟು ಬಿಗಿಯಿಲ್ಲ. 2015ರ ಅಮೆರಿಕದ ಹೃದಯತಜ್ಞರ ಹೇಳಿಕೆ, ಚಿಕಿತ್ಸೆ ಸರಿಯಾಗಿ ನಡೆಯುತ್ತಿದ್ದು ಮುನ್ನೆಚ್ಚರಿಕೆಗಳೆಲ್ಲ ಇದ್ದರೆ, ತಜ್ಞರು, ರೋಗಿ, ಮನೆಯವರು ಕೂತು ಮಾತಾಡಿ ನಿರ್ಧರಿಸಬಹುದು ಎಂಬ ನಿಲುವಿಗೆ ಬಂದಿತು. ಆದರೂ ಮೊದಲ ಬಗೆಯವರಿಗೆ ಈಜಿನ ವಿಷಯದಲ್ಲಿ ಎಚ್ಚರಿಕೆ ಉಳಿದೇ ಇದೆ. ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಒಲಿಂಪಿಕ್ಸ್ ಚಿನ್ನದ ಕಥೆ ನೋಡಿ ಯಾರೂ ಮಗುವನ್ನು ನೀರಿಗಿಳಿಸಬಾರದು. ವೋಲ್ಮರ್ 2012ರಲ್ಲಿ ಲಂಡನ್ನಿನಲ್ಲಿ ಮತ್ತೆ ಇದೇ ರಿಲೇಯಲ್ಲಿ ಚಿನ್ನ ಗೆದ್ದರು. 2015ರಲ್ಲಿ ತಾಯಿಯಾಗಿ, ಮರುವರ್ಷ ರಿಯೋದಲ್ಲಿ 4x100 ಫ್ರೀಸ್ಟೈಲ್ ರಿಲೇಯ ಬೆಳ್ಳಿ ಪಡೆದರು. ಆಕೆಯ ಹೃದಯ ಆಕೆಯದು, ನಿಮ್ಮ ಮಗುವಿನ ಇಸಿಜಿ ಬೇರೆ. ಅಂದಹಾಗೆ, ಹೆರಿಗೆಯ ನಂತರದ ಒಂಬತ್ತು ತಿಂಗಳು ಎರಡನೆಯ ಬಗೆಯ ಲಾಂಗ್ ಕ್ಯೂಟಿ ಇರುವ ಹೆಂಗಸರಿಗೆ ಹೆಚ್ಚು ಅಪಾಯದ ಕಾಲ. ಬಾಣಂತನಕ್ಕೆ ತವರಿಗೆ ಹೋಗುವವರು ಮಾತ್ರೆಯನ್ನೂ ಚೀಟಿಯನ್ನೂ ಜೊತೆಗೆ ಒಯ್ಯಲೇಬೇಕು.

ಕೊಳದ ಬಳಿಯ ಆ ಯಂತ್ರ

ಅದರ ಹೆಸರು ಎಇಡಿ. ವಿಮಾನ ನಿಲ್ದಾಣಗಳಲ್ಲಿ, ಕೆಲವು ಮೆಟ್ರೋ ನಿಲ್ದಾಣ ಮತ್ತು ಮಾಲ್‌ಗಳಲ್ಲಿ ಗೋಡೆಗೆ ತೂಗುಹಾಕಿರುತ್ತಾರೆ. ವೈದ್ಯರೇ ಬೇಕಿಲ್ಲ, ಯಾರು ಬೇಕಾದರೂ ಬಳಸಬಹುದು. ತೆರೆದರೆ ಯಂತ್ರವೇ ಮಾತಾಡಿ ಒಂದೊಂದೇ ಹೆಜ್ಜೆ ಹೇಳುತ್ತದೆ. ಎರಡು ಅಂಟುಪಟ್ಟಿಗಳನ್ನು ಬರಿಯ ಎದೆಗೆ ಹಚ್ಚಬೇಕು: ಒಂದು ಬಲಗಡೆ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡಗಡೆ ಕಂಕುಳ ಕೆಳಗೆ. ಬಡಿತವನ್ನು ಅದೇ ಪರೀಕ್ಷಿಸುತ್ತದೆ, ಶಾಕ್ ಬೇಡದಿದ್ದರೆ ಕೊಡುವುದಿಲ್ಲ.

ಈಜುಕೊಳದಲ್ಲಿ ಯಾರಾದರೂ ಕುಸಿದರೆ ಮೊದಲು ನೀರಿನಿಂದ ಹೊರಗೆ ತಂದು ಗಟ್ಟಿ ನೆಲದ ಮೇಲೆ ಮಲಗಿಸಿ. ಒಬ್ಬರು ಆಂಬುಲೆನ್ಸ್ ಕರೆಯಲಿ. ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣಗಳಲ್ಲಿ 108, ದಿಲ್ಲಿಯಲ್ಲಿ 102, ಎಲ್ಲೆಡೆಯೂ 112. ಇನ್ನೊಬ್ಬರು ಎಇಡಿ ಹುಡುಕಿ ತರಲಿ. ಉಸಿರಾಟವಿಲ್ಲದಿದ್ದರೆ, ತರಬೇತಿ ಇದ್ದವರು ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು ಸಿಪಿಆರ್ ಶುರುಮಾಡಲಿ, ಮುಳುಗಿದವರಿಗೆ ಉಸಿರು ಕೊಡುವುದು ಮುಖ್ಯ. ಬಾರದವರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗಾದರೆ ಐದಾರು ಸೆಂಟಿಮೀಟರ್ ಇಳಿಯುವಂತೆ ಒತ್ತುತ್ತಲೇ ಇರಲಿ. ಪಟ್ಟಿ ಹಚ್ಚುವ ಮುಂಚೆ ಎದೆಯನ್ನು ಟವೆಲಿನಿಂದ ಚೆನ್ನಾಗಿ ಒರೆಸಿ, ಒದ್ದೆ ಚರ್ಮದ ಮೇಲೆ ಅದು ಹಿಡಿಯುವುದಿಲ್ಲ. ಶಾಕ್ ಕೊಡುವಾಗ ಯಾರೂ ಮುಟ್ಟಿರಬಾರದು. ಹೃದಯ ನಡುಗುತ್ತಿರುವಾಗ ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತದೆ.

ನಿಮ್ಮ ಮಗು ಈಜು ಕಲಿಯುವ ಕ್ಲಬ್ಬಿನಲ್ಲಿ ಅಥವಾ ಸೊಸೈಟಿಯ ಕೊಳದಲ್ಲಿ ಎಇಡಿ ಇದೆಯೇ, ಅದರ ಬ್ಯಾಟರಿ ಮತ್ತು ಅಂಟುಪಟ್ಟಿಗಳ ಅವಧಿ ಮುಗಿದಿಲ್ಲ ತಾನೇ, ಕೋಚ್‌ಗೆ ಸಿಪಿಆರ್ ಬರುತ್ತದೆಯೇ ಎಂದು ಮುಂದಿನ ಸಲ ಹೋದಾಗ ಕೇಳಿ.