ನಿಮಗಿದು ಗೊತ್ತೆ? ನರದ ಬಿಗಿ ಬಿಡಿಸುವ ಶಸ್ತ್ರಚಿಕಿತ್ಸೆ

ಮುಂಬೈ ಬೈಕುಲ್ಲಾದ ಸರ್ ಜೆ.ಜೆ. ಆಸ್ಪತ್ರೆಯಲ್ಲಿ ಟಾಟಾ ಪ್ಲಾಸ್ಟಿಕ್ ಸರ್ಜರಿ ವಿಭಾಗವನ್ನು ಕಟ್ಟಿದ ಡಾ. ನೋಶಿರ್ ಆಂಟಿಯಾ (1922–2007) ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಕುಷ್ಠ ತಗಲಿದವರನ್ನು ಮುಟ್ಟಲೂ ಜನ ಹೆದರುತ್ತಿದ್ದ ಕಾಲದಲ್ಲಿ ಅವರ ಕೈಕಾಲು, ಮುಖಗಳನ್ನು ಸರಿಪಡಿಸಲು ಚಾಕು ಹಿಡಿದ ದೊಡ್ಡ ಮನುಷ್ಯ ಅವರು. 1990ರಲ್ಲಿ ಪದ್ಮಶ್ರೀ ಬಂತು.

ಕೈಕಾಲು ಕೆಡಲು ಕಾರಣ ನರಗಳು: ಕುಷ್ಠದಲ್ಲಿ ಅವು ಊದಿಕೊಳ್ಳುತ್ತವೆ. ಕಾಲಿನ ಒಳಹರಡಿನ ಹಿಂದೆ, ಅಂಗಾಲಿಗೆ ಹೋಗುವ ನರದ ದಾರಿ ಬಲು ಇಕ್ಕಟ್ಟು. ಅಲ್ಲಿ ನರ ನಲುಗಿದರೆ ಅಂಗಾಲು ಮರಗಟ್ಟುತ್ತದೆ. ಚಪ್ಪಲಿ ಕಳಚಿದ್ದು, ಮುಳ್ಳು ನಾಟಿದ್ದು ಯಾವುದೂ ತಿಳಿಯದೆ ಗಾಯ ಹುಣ್ಣಾಗುತ್ತದೆ. ಮಂಡಿಯ ಕೆಳಗೆ ಹೊರಬದಿಯ ಮೂಳೆಯನ್ನು ಸುತ್ತಿ ಬರುವ ಇನ್ನೊಂದು ನರ ಕೆಟ್ಟರೆ ಪಾದ ಎತ್ತಲಾಗದೆ ಜೋತುಬೀಳುತ್ತದೆ.

ಊದಿದ ನರಕ್ಕೆ ಮೊದಲು ಸ್ಟೀರಾಯ್ಡ್ ಮಾತ್ರೆ. ಅದಕ್ಕೂ ಬಗ್ಗದಿದ್ದರೆ ಅಥವಾ ನರದೊಳಗೆ ಕೀವು ಕಟ್ಟಿದ್ದರೆ, ಅದರ ಮೇಲಿನ ಬಿಗಿಪಟ್ಟಿಯನ್ನು ಸೀಳಿ ಒತ್ತಡ ಇಳಿಸುತ್ತಾರೆ. ನೋವು ತಗ್ಗಬಹುದು, ಆದರೆ ಬಹುಕಾಲ ನಲುಗಿದ ನರ ಚೇತರಿಸುವುದು ಕಷ್ಟ. ಹಾಗಾಗಿ ಜೋಮು ಹಿಡಿಯುವುದು ಶುರುವಾದಾಗಲೇ ವೈದ್ಯರಿಗೆ ತೋರಿಸಬೇಕು. ಕುಷ್ಠದ ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಜೋತುಬಿದ್ದ ಪಾದಕ್ಕೂ ದಾರಿಯಿದೆ: ಕೆಟ್ಟಿರದ ಬೇರೊಂದು ಸ್ನಾಯುವಿನ ತುದಿಯನ್ನು ಪಾದದ ಮೇಲ್ಭಾಗಕ್ಕೆ ಜೋಡಿಸಿ, ವ್ಯಾಯಾಮದಿಂದ ಅದಕ್ಕೆ ಪಾದ ಎತ್ತುವುದನ್ನು ಕಲಿಸುತ್ತಾರೆ.